ವಾಸ್ನಿ ಬೆಳಿಗ್ಗೆ ಆರಕ್ಕೆ, ಪ್ಲಂಬರ್ ಹನ್ನೆರಡಕ್ಕೆ

ಚಳಿಗಾಲದ ಬಚ್ಚಲ ವಾಸನೆಗೆ ಟೈಮ್ ಸೆನ್ಸ್ ಜಾಸ್ತಿ. ಕೊಪ್ಪಳವಾಗಲಿ ರಾಯಚೂರಾಗಲಿ, ಬೆಳಿಗ್ಗೆ ಆರಕ್ಕೆ ಅಂಗಳಕ್ಕೆ ಬಂದು ಕೂರುತ್ತದೆ, ಬಿಸಿಲೇರಿ ಹತ್ತಾಗುವಷ್ಟರಲ್ಲಿ ಎದ್ದು ಹೋಗುತ್ತದೆ. ಪ್ಲಂಬರ್ ಬರುವುದು ಹನ್ನೆರಡಕ್ಕೆ. ಮೂಗು ಮೇಲೆತ್ತಿ ಎರಡು ಸಲ ಉಸಿರೆಳೆದು, “ಎಲ್ಲೈತ್ರೀ ವಾಸ್ನಿ? ನಮಗೇನೂ ಬರವಲ್ದು” ಅನ್ನುತ್ತಾನೆ. ಮುಂಜಾನೆಯಿಂದ ಮೂಗಿಗೆ ಸೆರಗು ಹಿಡಿದುಕೊಂಡಿದ್ದ ಮನೆಯವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ.

ಪ್ಲಂಬರ್ ಸುಳ್ಳು ಹೇಳುತ್ತಿಲ್ಲ. ರಾತ್ರಿ ನೆಲ ತಣ್ಣಗಾದಾಗ ಅದರ ಮೇಲಿನ ಗಾಳಿಯೂ ತಣಿದು, ಭಾರವಾಗಿ ಕೆಳಗೇ ಉಳಿಯುತ್ತದೆ. ಸೆಪ್ಟಿಕ್ ಟ್ಯಾಂಕಿನ ಗ್ಯಾಸು ಹೊರಬಂದರೂ ಚದುರುವುದಿಲ್ಲ. ಬಿಸಿಲಿಗೆ ನೆಲ ಕಾದ ಮೇಲೆಯೇ ಅದಕ್ಕೆ ಬಿಡುಗಡೆ. ಹೀಗಾಗಿ ಪತ್ತೇದಾರಿಕೆ ಮಾಡಬೇಕಾದದ್ದು ನಸುಕಿನಲ್ಲಿ, ಮನೆಯವರೇ.

ಮೊದಲು ಒಂದು ಎಚ್ಚರಿಕೆ. ಹಿಮ ಬೀಳುವ ದೇಶಗಳಲ್ಲಿ ಬಚ್ಚಲ ಲೈನಿನ ಗ್ಯಾಸನ್ನು ಮಾಳಿಗೆಯ ಮೇಲೆ ಬಿಡುವ ಗಾಳಿ ಪೈಪಿನ ಬಾಯಿಯಲ್ಲಿ ಆವಿ ಹೆಪ್ಪುಗಟ್ಟಿ ಪೈಪೇ ಮುಚ್ಚಿಹೋಗುತ್ತದೆ; ಅಲ್ಲಿನವರು ಸೂರಿನ ಮೇಲೆ ಹತ್ತಿ ಅದನ್ನು ಕೆರೆಯುವ ವಿಡಿಯೊಗಳಿವೆ. ಬಳ್ಳಾರಿಯಲ್ಲಿ ಜನವರಿಯ ನಸುಕಿನಲ್ಲೂ ಉಷ್ಣಾಂಶ 15 ಡಿಗ್ರಿಯ ಆಸುಪಾಸು. ಆ ವಿಡಿಯೊ ನೋಡಿ ಪೈಪಿಗೆ ಗೋಣಿಚೀಲ ಸುತ್ತುವವರು ಸುತ್ತಲಿ, ಬಾಯಿ ಮಾತ್ರ ಕಟ್ಟದಿರಲಿ.

ವಾಸನೆ ಯಾರೂ ಬಳಸದ ಬಚ್ಚಲಿನಿಂದಲೇ ಬರುತ್ತಿದ್ದರೆ ಖರ್ಚು ಒಂದು ಚೊಂಬು ನೀರು, ಅಷ್ಟೇ. ನೆಲದ ಜಾಲರಿಯ ಕೆಳಗಿನ ನಾನಿ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತಿರಬೇಕು; ಗ್ಯಾಸನ್ನು ತಡೆಯುವುದು ಅದೇ. ಚಳಿಗಾಲದ ಒಣಗಾಳಿಗೆ ಕೆಲವು ವಾರಗಳಲ್ಲಿ ಅದು ಆರಿಹೋಗುತ್ತದೆ. ನೀರು ಹಾಕಿ, ಮೇಲೆ ಎರಡು ಚಮಚ ಶೇಂಗಾ ಎಣ್ಣೆ ಬಿಟ್ಟರೆ ಎಣ್ಣೆ ತೇಲಿ ನೀರು ಆರದಂತೆ ಕಾಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಅದು 24 ಡಿಗ್ರಿಗಿಂತ ಕೆಳಗೆ ತಾನೇ ಗಟ್ಟಿಯಾಗುತ್ತದೆ.

ಇನ್ನೊಂದು ರೋಗಕ್ಕೆ ಸದ್ದಿದೆ. ಕಮೋಡ್ ಫ್ಲಶ್ ಮಾಡಿದರೆ ಪಕ್ಕದ ನಾನಿ ಟ್ರ್ಯಾಪ್ ಗುಳುಗುಳು ಅನ್ನುತ್ತದೆ. ಎಣ್ಣೆ ಡಬ್ಬಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಟುಕು ಗುಟುಕಾಗಿ ಬೀಳುತ್ತದೆ, ಎರಡನೆಯ ತೂತು ಹೊಡೆದರೆ ಸಲೀಸಾಗಿ ಇಳಿಯುತ್ತದೆ, ಅಲ್ಲವೇ? ಮಾಳಿಗೆಯ ಗಾಳಿ ಪೈಪು ಆ ಎರಡನೆಯ ತೂತು. ಅದು ಕಟ್ಟಿಕೊಂಡರೆ ಇಳಿಯುವ ನೀರು ಟ್ರ್ಯಾಪಿನ ನೀರನ್ನೇ ಎಳೆದುಕೊಂಡು ಹೋಗುತ್ತದೆ. ಪರೀಕ್ಷೆಗೆ ತೆಳು ಪ್ಲಾಸ್ಟಿಕ್ ಕವರನ್ನು ಪೈಪಿನ ಬಾಯಿಗೆ ಸಡಿಲವಾಗಿ ಹಿಡಿದು, ಕೆಳಗಿನವರಿಗೆ ಫ್ಲಶ್ ಮಾಡಲು ಕೂಗಿ ಹೇಳಿ. ಕವರು ಒಳಕ್ಕೆ ಜಗ್ಗಿದರೆ ಆ ಪೈಪು ಉಸಿರಾಡುತ್ತಿದೆ. ಅಲ್ಲಾಡದಿದ್ದರೆ ಕಟ್ಟಿದೆ, ಇಲ್ಲವೇ ಗೌಂಡಿ ಅದನ್ನು ಯಾವುದಕ್ಕೂ ಜೋಡಿಸದೆ ಅಂದಕ್ಕೆ ನಿಲ್ಲಿಸಿದ್ದಾನೆ. ಎರಡನೆಯದೂ ಅಪರೂಪವಲ್ಲ.

ಕಟ್ಟಿದ್ದರೆ ತಪ್ಪಿತಸ್ಥ ಸಾಮಾನ್ಯವಾಗಿ ತುದಿಯ ಸೊಳ್ಳೆ ಜಾಲರಿ. ಬಳ್ಳಾರಿ ಕಡೆ ಅದಕ್ಕೆ ಕೆಂಧೂಳು, ಗಂಗಾವತಿಯಲ್ಲಿ ರೈಸ್ ಮಿಲ್ಲಿನ ಬೂದಿ, ರಾಯಚೂರಿನಲ್ಲಿ ಹತ್ತಿಯ ಎಳೆ. ಅದರ ಮೇಲೆ ಜೇಡ ಬಲೆ ಹೆಣೆದು, ಕಣಜ ಮಣ್ಣಿನ ಮನೆ ಕಟ್ಟಿ ಗೃಹಪ್ರವೇಶವನ್ನೂ ಮುಗಿಸಿರುತ್ತದೆ. ಪೈಪಿನ ತುದಿಯ ಟೊಪ್ಪಿಗೆ (ಕೌಲ್) ತೆಗೆದು ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ ಹಾಕಿ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನದಂಡ ಐಎಸ್ 2470ರ ಪ್ರಕಾರ ಟ್ಯಾಂಕಿನ ಗಾಳಿ ಪೈಪು ಕನಿಷ್ಠ 50 ಮಿಲಿಮೀಟರ್ ಇರಬೇಕು. ಮನೆಗೆ ಅಂಟಿದ ಟ್ಯಾಂಕಾದರೆ ಕಟ್ಟಡದ ನೆತ್ತಿಗಿಂತ 2 ಮೀಟರ್ ಮೇಲೆ ಹೋಗಬೇಕು. ನಮ್ಮಲ್ಲಿ ಅದು ಪ್ಯಾರಾಪೆಟ್ಟಿನ ಮಟ್ಟಕ್ಕೇ ನಿಂತಿರುತ್ತದೆ, ಬಟ್ಟೆ ಹಗ್ಗ ಕಟ್ಟಲು ಅದೇ ಎತ್ತರ ಅನುಕೂಲ ನೋಡಿ. ಬೆಳಗಿನ ಬಿಸಿಲು ಕಾಯಿಸಲು ಅಜ್ಜ ಕುರ್ಚಿ ಹಾಕುವುದೂ ಅದರ ಪಕ್ಕವೇ.

ಜನವರಿಯಲ್ಲಿ ಸಿಂಕಿನ ಸರದಿ. ಕೊಪ್ಪಳದ ಗವಿಮಠದ ಜಾತ್ರೆಗೆ ಬೀಗರು ಬರುತ್ತಾರೆ, ಮಿರ್ಚಿ ಕರಿದ ಬಾಣಲೆಯ ಎಣ್ಣೆ, ಹೋಳಿಗೆಯ ತುಪ್ಪ, ಡಾಲ್ಡಾ ಎಲ್ಲವೂ ಸಿಂಕಿಗೆ. ತಣ್ಣನೆ ಪೈಪಿನಲ್ಲಿ ಅದು ಗಟ್ಟಿಯಾಗಿ, ಅನ್ನದ ಅಗುಳನ್ನು ಹಿಡಿದು ಗೋಡೆ ಕಟ್ಟುತ್ತದೆ. ಕುದಿಯುವ ನೀರು ಸುರಿಯಬೇಡಿ. ಪಿವಿಸಿ 60 ಡಿಗ್ರಿ ದಾಟಿದರೆ ಮೆತ್ತಗಾಗುತ್ತದೆ, ಕರಗಿದ ಜಿಡ್ಡೂ ಮುಂದಿನ ಛೇಂಬರಿಗೆ ಹೋಗಿ ಮತ್ತೆ ಗಟ್ಟಿಯಾಗುತ್ತದೆ. ಕಾಸ್ಟಿಕ್ ಪುಡಿ ಸುರಿದರೆ ಜಿಡ್ಡಿನ ಜೊತೆ ಸೇರಿ ಪೈಪಿನೊಳಗೇ ಸಾಬೂನು ತಯಾರಾಗಬಹುದು. ಆಸಿಡ್ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದರಂತೂ ಹುಟ್ಟುವುದು ಕ್ಲೋರಿನ್, ವಿಷದ ಗ್ಯಾಸು. ಬಕೆಟ್ ಇಟ್ಟು, ಸಿಂಕಿನ ಕೆಳಗಿನ ಬಾಟಲ್ ಟ್ರ್ಯಾಪನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ, ತೊಳೆದು, ರಬ್ಬರ್ ವಾಷರ್ ಮಡಿಚದಂತೆ ಕೂರಿಸಿ ಬಿಗಿ ಮಾಡಿ. ಬಾಣಲೆಯನ್ನು ಮೊದಲು ಹಳೆ ಪೇಪರಿನಿಂದ ಒರೆಸಿದರೆ ಇದೆಲ್ಲ ಬೇಕಾಗುವುದೇ ಇಲ್ಲ, ಆದರೆ ಬೀಗರ ಮುಂದೆ ಪೇಪರ್ ಹಿಡಿದು ನಿಲ್ಲುವವರು ಯಾರು?

ಎಲ್ಲ ಬಚ್ಚಲೂ ನಿಧಾನ, ಕೆಳಮನೆಯ ಕಮೋಡಿನಲ್ಲಿ ನೀರು ಏರುತ್ತಿದೆ ಅಂದರೆ ಟ್ಯಾಂಕ್ ತುಂಬಿದೆ ಅಥವಾ ಮುಖ್ಯ ಲೈನ್ ಕಟ್ಟಿದೆ. ಚಳಿಗೆ ಬ್ಯಾಕ್ಟೀರಿಯಾದ ಕೆಲಸ ನಿಧಾನ, ಬೀಗರ ಕೆಲಸ ಜೋರು. ಎರಡು-ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಲೇಬೇಕು. ಬಂಡೆ ಸರಿಸಿ ಕಡ್ಡಿ ಗೀರಿ ನೋಡಬಾರದು, ಒಳಗಿರುವುದು ಮೀಥೇನ್. ಯಾರನ್ನೂ ಒಳಗಿಳಿಸಲೂಬಾರದು, ಸುರಕ್ಷಾ ಸಾಧನಗಳಿಲ್ಲದೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದಾಗ ಮೂಗನ್ನೇ ಮರಗಟ್ಟಿಸುತ್ತದೆ. “ಈಗ ವಾಸ್ನಿ ಇಲ್ಲ ಬಿಡ್ರೀ” ಅನ್ನುವ ಹೊತ್ತೇ ಅಪಾಯದ ಹೊತ್ತು.

ಟ್ಯಾಂಕ್ ಖಾಲಿ ಮಾಡಿಸಿದರೂ ಛೇಂಬರಿನಲ್ಲಿ ನೀರು ನಿಲ್ಲುತ್ತಿದ್ದರೆ ಎರೆಮಣ್ಣನ್ನು ಸಂಶಯಿಸಿ. ಮಳೆಗೆ ಉಬ್ಬಿದ ಎರೆ ಡಿಸೆಂಬರಿನಿಂದ ಒಣಗಿ ಬಿರಿಯುತ್ತದೆ, ಪೈಪನ್ನೂ ಜೊತೆಗೆ ಜಗ್ಗುತ್ತದೆ, ಜಾಯಿಂಟು ಬಾಯ್ಬಿಡುತ್ತದೆ. ಅಗೆಸಿ, ಸುತ್ತ ನಾಲ್ಕಿಂಚು ಮರಳು ಹಾಸಿ, 10 ಅಡಿ ಪೈಪಿಗೆ ಎರಡೂವರೆ ಇಂಚು ಇಳಿಜಾರು ಕೊಡಿಸಿ. ಪೇಸ್ಟ್ ಹಾಕಿ ಅಂಟಿಸುವುದಕ್ಕಿಂತ ರಬ್ಬರ್ ರಿಂಗಿನ ಪೈಪು ವಾಸಿ: ಪೂರ್ತಿ ಒಳಕ್ಕೆ ತಳ್ಳಿ, ಗುರುತು ಹಾಕಿ, 10 ಮಿಲಿಮೀಟರ್ ಹಿಂದಕ್ಕೆ ಎಳೆದರೆ ಮಣ್ಣು ಸರಿದಾಗ ಅದಕ್ಕೂ ಸರಿಯಲು ಜಾಗ. ಗೌಂಡಿ ಇದನ್ನೆಲ್ಲ ಕೇಳಿಸಿಕೊಂಡು, “ಯಾಕ್ರೀ ಇಷ್ಟು ತ್ರಾಸು, ಮ್ಯಾಲೆ ಎರಡು ಪುಟ್ಟಿ ಸಿಮೆಂಟ್ ಬಡದುಬಿಡೋಣು” ಅನ್ನುತ್ತಾನೆ. ಸಿಮೆಂಟ್ ಚೀಲವನ್ನು ಆ ಹೊತ್ತಿಗೆ ಒಳಗಿಟ್ಟು ಬೀಗ ಹಾಕಿರಬೇಕು.