ಎಕೋ ಸ್ವಲ್ಪ ಜಾಸ್ತಿ ಕೊಡಿ

ಉಡುಪಿ ಕಡೆ ಯಾವ ಸಭೆಗೆ ಬೇಕಾದರೂ ಹೋಗಿ. ಮೈಕ್ ಹಿಡಿದವರು ಮೊದಲು ನೋಡುವುದು ಸಭಿಕರನ್ನಲ್ಲ, ಮೂಲೆಯಲ್ಲಿ ಕೂತ ಸೌಂಡ್ಸ್ ಅಣ್ಣನನ್ನು. 'ಅಣ್ಣಾ, ಎಕೋ ಸ್ವಲ್ಪ ಜಾಸ್ತಿ ಕೊಡಿ.' ಅಣ್ಣ ಕೊಡುತ್ತಾರೆ. ಪಾಪ, ಕೊಡದಿದ್ದರೆ ಮುಂದಿನ ವರ್ಷ ಆರ್ಡರ್ ಬೇರೆಯವರಿಗೆ.

ನಮ್ಮ ಓಣಿಯ ಹುಡುಗನೊಬ್ಬ ಮಾಡ್ಯುಲರ್ ಸಿಂಥಸೈಜರ್ ಕಲಿಯಲು ಶುರು ಮಾಡಿದ್ದಾನೆ, ಕರೆಂಟಿನಿಂದ ಸ್ವರ ಹುಟ್ಟಿಸುವ ವಾದ್ಯ ಅದು. ಅದಕ್ಕೆ ಹಾರ್ಮೋನಿಯಮ್ಮಿನ ಹಾಗೆ ಒತ್ತುವ ಮನೆಗಳಿಲ್ಲ, ಸ್ವರಪೆಟ್ಟಿಗೆಯ ಚಂದವಿಲ್ಲ. ಒಂದು ಪೆಟ್ಟಿಗೆ, ಅದರ ತುಂಬ ಪುಟ್ಟ ಪುಟ್ಟ ಮಾಡ್ಯೂಲ್, ಪ್ರತಿಯೊಂದಕ್ಕೂ ಒಂದೊಂದೇ ಕೆಲಸ. ಆಸಿಲೇಟರ್ ಸ್ವರ ಹುಟ್ಟಿಸುತ್ತದೆ. ಫಿಲ್ಟರ್ ಸೋಸುತ್ತದೆ. ವಿಸಿಎ ಎಷ್ಟು ಜೋರು ಎಂದು ನೋಡಿಕೊಳ್ಳುತ್ತದೆ. ಯಾವಾಗ ಏರಬೇಕು, ಯಾವಾಗ ಇಳಿಯಬೇಕು ಎಂದು ಅದಕ್ಕೆ ಹೇಳುವುದು ಎನ್ವಲಪ್. ಇವನ್ನೆಲ್ಲ 3.5 ಮಿ.ಮೀ. ಪಿನ್ನಿನ ವಯರುಗಳಿಂದ ನಾವೇ ಜೋಡಿಸಬೇಕು. ಜರ್ಮನಿಯ ಡೀಟರ್ ಡೋಪ್ಫರ್ 1990ರ ದಶಕದಲ್ಲಿ ಈ ಅಳತೆಯನ್ನು ಶುರು ಮಾಡಿದರು, ಯೂರೋರ್‍ಯಾಕ್ ಎನ್ನುತ್ತಾರೆ. ಭಾರತಕ್ಕೂ ಈ ಯಂತ್ರ ಹೊಸದಲ್ಲ. 1969ರಲ್ಲೇ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಕಂಪನಿಯ ಒಂದು ಮಾಡ್ಯುಲರ್ ಸಿಂಥಸೈಜರ್ ಇಟ್ಟು ಸ್ಟುಡಿಯೋ ಮಾಡಿಕೊಟ್ಟಿದ್ದರು. ಅದಕ್ಕೆ ಅಧ್ಯಕ್ಷೀಯ ಭಾಷಣ ಜೋಡಿಸಿ ನೋಡುವ ಬುದ್ಧಿ ಮಾತ್ರ ಆಗ ಯಾರಿಗೂ ಹೊಳೆಯಲಿಲ್ಲವೇನೋ.

ಹುಡುಗ ಹೇಳುವ ಮೊದಲ ಪಾಠ ಇದು: ಎಫೆಕ್ಟ್ ಕೊನೆಗೆ. ಮೊದಲು ಬರಿ ಸ್ವರ ಕೇಳು, ಅದು ಸರಿ ಇದೆಯಾ ನೋಡು. ಆಮೇಲೆ ಬೇಕಾದರೆ ಸದ್ದನ್ನು ತಡವಾಗಿ ಮತ್ತೆ ಕೇಳಿಸುವ ಡಿಲೇ, ದೊಡ್ಡ ಹಾಲಿನ ಗುಂಯ್ ಕೊಡುವ ರಿವರ್ಬ್. ಗಂಜಿಯ ಪಕ್ಕ ಉಪ್ಪಿನಕಾಯಿ ಇಟ್ಟ ಹಾಗೆ. ನಮ್ಮ ಸಮಿತಿಯವರು ಗಂಜಿಯನ್ನೇ ಮರೆತು ಭರಣಿ ಎತ್ತಿ ಕುಡಿಯುತ್ತಾರೆ, ಅಲ್ವಾ?

ಡಿಲೇಯಲ್ಲಿ ಫೀಡ್‌ಬ್ಯಾಕ್ ಎಂಬ ನಾಬ್ ಉಂಟು. ಹೊರಬಂದ ಸದ್ದನ್ನು ಮತ್ತೆ ಎಷ್ಟು ಒಳಗೆ ಕಳಿಸಬೇಕು ಎಂದು ಹೇಳುವುದು ಅದು. ಮಿತಿ ದಾಟಿದರೆ ಒಳಗೆ ಹೋದದ್ದು ಸಾಯುವುದೇ ಇಲ್ಲ, ಸುತ್ತಿ ಸುತ್ತಿ ಬೆಳೆಯುತ್ತದೆ. ಹುಡುಗ ಅದನ್ನು ಬೇಕಂತಲೇ ಮಾಡಿ ಖುಷಿಪಡುತ್ತಾನೆ. ನಮ್ಮಲ್ಲಿ ಅದಕ್ಕೆ ಸ್ವಾಗತ ಭಾಷಣ ಎನ್ನುತ್ತಾರೆ.

ಅಷ್ಟಕ್ಕೂ ನಾಬ್ ತಿರುಗಿಸುವ ಅಗತ್ಯವೇ ಇಲ್ಲ ಮಾರಾಯ್ರೆ. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ವೇದಿಕೆಯ ಹತ್ತಿರ ಒಂದು ಹಾರ್ನ್ ಸ್ಪೀಕರ್, ನೂರು ಮೀಟರ್ ಆಚೆ ತೆಂಗಿನ ಮರಕ್ಕೆ ಇನ್ನೊಂದು. ಮುಂದೆ ಕೂತವರಿಗೆ ಎರಡನೆಯದು ಕಾಲು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ತಡವಾಗಿ ಕೇಳುತ್ತದೆ. ದೇವರೇ ಕೊಟ್ಟ ಡಿಲೇ, ಬಾಡಿಗೆಯೂ ಇಲ್ಲ. ಅದರ ಮೇಲೆ ಮಿಕ್ಸರಿನ ಎಕೋ ಬೇರೆ. ಅಂಡರ್‌ಆರ್ಮ್ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಒಂದು ಸಿಕ್ಸರ್ ಹೊಡೆದರೆ ಕಿವಿಗೆ ನಾಲ್ಕು ಸಿಕ್ಸರ್ ಬೀಳುತ್ತದೆ.

ನಿಜವಾದ ಕಷ್ಟ ಪಾರ್ಕಿಂಗ್ ಪ್ರಕಟಣೆಯದ್ದು. 'ಕೆಎ 20... 20... 20... ಬಿಳಿ ಕಾರು... ಕಾರು... ಕೂಡಲೇ ತೆಗೆಯಬೇಕು... ಬೇಕು... ಬೇಕು.' ಉಡುಪಿ ರಿಜಿಸ್ಟ್ರೇಶನ್ನಿನ ಬಿಳಿ ಕಾರು ಇದ್ದವರೆಲ್ಲ ಎದ್ದು ಓಡುತ್ತಾರೆ. ಉಳಿದ ನಂಬರ್ ಯಾರಿಗೂ ತಿಳಿಯುವುದಿಲ್ಲ. ಅಡ್ಡ ನಿಂತ ಕಾರಿನವರು ಮಾತ್ರ ಎರಡನೇ ಸಲ ಪಾಯಸ ಹಾಕಿಸಿಕೊಳ್ಳುತ್ತಿರುತ್ತಾರೆ.

ಯಾವಾಗ ಇಳಿಯಬೇಕು ಎಂದು ಹೇಳುವ ಆ ಎನ್ವಲಪ್ ಮಾತ್ರ ನಮ್ಮ ಸಭೆಗಳಿಗೆ ಇನ್ನೂ ಬಂದಿಲ್ಲ. 'ಸಮಯ ಆಯಿತು' ಎಂದು ಚೀಟಿ ಕೊಟ್ಟರೆ ಭಾಷಣಕಾರರು ಓದಿ, ಮಡಚಿ, ಕಿಸೆಗೆ ಹಾಕಿಕೊಳ್ಳುತ್ತಾರೆ. ರಾತ್ರಿ 10ರ ಮೇಲೆ ಧ್ವನಿವರ್ಧಕ ಬೇಡ ಎಂಬ ನಿಯಮ 2000ನೇ ಇಸವಿಯಿಂದ ಉಂಟು. ಅವರು ಸರಿಯಾಗಿ 10ಕ್ಕೇ ಮುಗಿಸುತ್ತಾರೆ, ಹತ್ತೂ ಐದರವರೆಗೆ ಕೇಳುವುದು ಎಕೋ ಮಾತ್ರ. ಅದಕ್ಕೆ ಅವರೇನು ಮಾಡಲಿ?

ಕಳೆದ ಸಲ ಯಾರೋ ಧೈರ್ಯ ಮಾಡಿ, ಭಾಷಣ ಒಂದೂ ಅರ್ಥವಾಗಲಿಲ್ಲ ಎಂದು ಸಮಿತಿಗೆ ಹೇಳಿದರು. ಸಮಿತಿ ಕೂಡಲೇ ಸಭೆ ಕರೆಯಿತು. ಗದ್ದೆಯ ಆ ತುದಿಗೆ ಇನ್ನೆರಡು ಹಾರ್ನ್ ಕಟ್ಟುವುದೆಂದು ತೀರ್ಮಾನವಾಗಿದೆ. ದಾನಿಗಳು ಸಿಕ್ಕಿದ್ದಾರೆ, ಅವರ ಹೆಸರನ್ನು ಅರ್ಧ ಗಂಟೆಗೊಮ್ಮೆ ಮೈಕಿನಲ್ಲಿ ಹೇಳುತ್ತಾರಂತೆ.