ಲಾರ್ಡ್ ಸಾಹೇಬರ ವಠಾರ

ಬೆಂಗಳೂರಿನ ಯಾವ ಮಗುವಿಗಾದರೂ ಒಂದು ಹಾಳೆ, ನಾಲ್ಕು ಕ್ರೇಯಾನ್ ಕೊಟ್ಟು ‘ಮನೆ ಬರಿ’ ಅನ್ನಿ. ಎರಡು ಬೆಟ್ಟ, ಅವುಗಳ ನಡುವೆ ಸೂರ್ಯ, ಒಂದು ತೆಂಗಿನ ಮರ, ಪಕ್ಕದಲ್ಲಿ ಹುಲ್ಲಿನ ಗುಡಿಸಲು. ಮಗು ಇರುವುದು ಏಳನೇ ಮಹಡಿಯಲ್ಲಿ. ಕಿಟಕಿಯಿಂದ ಕಾಣುವುದು ಎದುರು ಕಟ್ಟಡದ ನೀರಿನ ಟ್ಯಾಂಕು. ಆದರೂ ಮನೆ ಅಂದ ತಕ್ಷಣ ಕೈ ಹುಲ್ಲಿನ ಸೂರನ್ನೇ ಎಳೆಯುತ್ತದೆ. ಟೀಚರ್ ಹಾಗೆ ಹೇಳಿಕೊಟ್ಟಿದ್ದಾರೆ. ಅವರಿಗೆ ಅವರ ಟೀಚರ್ ಹೇಳಿಕೊಟ್ಟಿರಬೇಕು.

ದೊಡ್ಡವರೇನು ಕಮ್ಮಿಯಿಲ್ಲ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆ ನೋಡಿ, ಹಳೇ ಬಿಸ್ಕತ್ ಡಬ್ಬದ ಮುಚ್ಚಳ ನೋಡಿ. ಇಂಗ್ಲೆಂಡಿನ ಯಾವುದೋ ಹಳ್ಳಿಯ ಹುಲ್ಲಿನ ಮನೆಗಳ ಸಾಲು, ಮುಂದೆ ಹೂವು, ಮೇಲೆ ಬೆಣ್ಣೆಯಂಥ ಮೋಡ. ನಮ್ಮಲ್ಲಿ ಇದಕ್ಕೆ ‘ಸೀನರಿ’ ಅಂತ ಹೆಸರು. ಹಲ್ಲು ಕೀಳಿಸಿಕೊಳ್ಳುವ ಮುಂಚೆ ಮನಸ್ಸಿಗೆ ಸಮಾಧಾನ ಆಗಲಿ ಅಂತ ಹಾಕಿರುತ್ತಾರೋ ಏನೋ.

ಈಚೆಗೆ ನಮ್ಮ ಫ್ಯಾಮಿಲಿ ಗ್ರೂಪಿಗೂ ಅಂಥದ್ದೇ ಒಂದು ಸೀನರಿ ಬಂತು. ಕಳಿಸಿದವಳು ಇಂಗ್ಲೆಂಡಿನಲ್ಲಿರುವ ನನ್ನ ಸೋದರಮಾವನ ಮಗಳು. ಊರಿನ ಹೆಸರು ಮಿಲ್ಟನ್ ಆಬಸ್, ಡಾರ್ಸೆಟ್ ಸೀಮೆಯಲ್ಲಿದೆ. ಇಳಿಜಾರಿನ ಬೀದಿ, ಎರಡೂ ಬದಿಗೆ ಸುಣ್ಣ ಹೊಡೆದ ಬಿಳಿ ಗೋಡೆಯ ಮನೆಗಳು, ಎಲ್ಲದರ ಮೇಲೂ ದಪ್ಪ ಹುಲ್ಲಿನ ಹೊದಿಕೆ. ಒಟ್ಟು 36 ಮನೆ, ಹೆಚ್ಚುಕಮ್ಮಿ ಎಲ್ಲ ಒಂದೇ ಅಚ್ಚು. ಗ್ರೂಪಿನಲ್ಲಿ ‘ವಾವ್’ಗಳ ಮಳೆ ಸುರಿಯಿತು. ಚಾಮರಾಜಪೇಟೆಯಲ್ಲಿರುವ ನಮ್ಮತ್ತೆ ಮಾತ್ರ ವಾವ್ ಅನ್ನಲಿಲ್ಲ. ಅವರ ತವರು ಮಂಡ್ಯದ ಕಡೆ. ಮಗಳಿಗೆ ವಾಯ್ಸ್ ಮೆಸೇಜ್ ಹಾಕಿದರು: “ಚೆನ್ನಾಗದೆ ಪುಟ್ಟಿ. ಸೋಗೆ ಎಷ್ಟು ವರ್ಷಕ್ಕೊಂದ್ಸಲ ಹೊದಿಸ್ತಾರೆ ಅಂತ ಕೇಳು.”

ಹುಲ್ಲಿನ ಮನೆಯಲ್ಲಿ ಹುಟ್ಟಿದವರು ಕೇಳುವ ಪ್ರಶ್ನೆಯೇ ಅದು. ಉಳಿದವರಿಗೆ ಸೂರು ಅಂದರೆ ಚಿತ್ರ. ಅತ್ತೆಗೆ ಅದು ಪ್ರತಿ ವರ್ಷ ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸ. ಅವರ ಕಡೆ ಕಬ್ಬು ಕಡಿದಮೇಲೆ ಉಳಿಯುವ ಸೋಗೆ, ತೆಂಗಿನ ಗರಿ. ಮಲೆನಾಡಿನಲ್ಲಾದರೆ ಅಡಿಕೆ ಸೋಗೆ, ಕರಾವಳಿಯಲ್ಲಿ ಮುಳಿಹುಲ್ಲು. ಹತ್ತಿರ ಏನು ಬೆಳೆಯುತ್ತದೋ ಅದು ತಲೆ ಮೇಲೆ. ಒಂದು ಮಳೆಗಾಲ ತಿಂದ ಸೋಗೆ ಇನ್ನೊಂದಕ್ಕೆ ತಡೆಯುವುದು ಕಷ್ಟ. ಗೆದ್ದಲು, ಇಲಿ ಬೇರೆ. ಒಳಗಿನ ಒಲೆಯ ಹೊಗೆ ಸೋಗೆಗೆ ತಾಗಿ ಹುಳ ಸ್ವಲ್ಪ ದೂರ ಇರುತ್ತಿತ್ತಂತೆ. ಅದೇ ಹೊಗೆ ಅಡುಗೆಯವರ ಕಣ್ಣು, ಎದೆ ಎರಡನ್ನೂ ತಿನ್ನುತ್ತಿತ್ತು.

ಮಗಳು ಅಲ್ಲಿ ಯಾರನ್ನೋ ಕೇಳಿ ಉತ್ತರ ಕಳಿಸಿದಳು. ಅಲ್ಲಿನ ಜೊಂಡು ಹುಲ್ಲನ್ನು ಸರಿಯಾಗಿ ಹೊದಿಸಿದರೆ 30-40 ವರ್ಷ ಬಾಳುತ್ತದೆ. ಗೋಧಿ ಹುಲ್ಲಾದರೆ ಅಷ್ಟು ಬರುವುದಿಲ್ಲ. ನೆತ್ತಿಯ ಭಾಗ ಮಾತ್ರ 10-15 ವರ್ಷಕ್ಕೊಮ್ಮೆ ಹೊಸದಾಗಬೇಕು. “ನಲವತ್ತು ವರ್ಷವೇ!” ಅಂತ ಅತ್ತೆ ಫೋನನ್ನು ಕಣ್ಣಿನ ಹತ್ತಿರ ತಂದುಕೊಂಡರು. ಗುಟ್ಟು ಇರುವುದು ದಪ್ಪದಲ್ಲಿ ಮತ್ತು ಇಳಿಜಾರಿನಲ್ಲಿ. ಹೊದಿಕೆ ಒಂದಡಿಯಷ್ಟು ದಪ್ಪ. ಮಾಡು ಕಡಿದಾಗಿ, 45-50 ಡಿಗ್ರಿ ಓರೆಯಲ್ಲಿ ನಿಂತಿರುತ್ತದೆ. ನೀರಿಗೆ ಒಳಗೆ ಇಳಿಯಲು ಪುರುಸೊತ್ತೇ ಸಿಗುವುದಿಲ್ಲ, ಮೇಲಿನ ಪದರದಲ್ಲೇ ಜಾರಿ ಹೋಗುತ್ತದೆ. ಸೂರಿನ ಅಂಚು ಗೋಡೆಯಿಂದ ಆಚೆಗೆ ಚಾಚಿರುತ್ತದೆ. ಮಳೆನೀರಿನ ದೋಣಿ, ಪೈಪು ಏನೂ ಇಲ್ಲ. ನೀರು ಗೋಡೆ ಮುಟ್ಟದೆ ನೆಲಕ್ಕೆ ಬೀಳುತ್ತದೆ.

ಗೋಡೆ ಮುಟ್ಟಬಾರದು ಯಾಕೆಂದರೆ ಅದು ಮಣ್ಣಿನದು. ಫೋಟೋದಲ್ಲಿ ಅಷ್ಟು ಬೆಳ್ಳಗೆ ಕಾಣುವುದೆಲ್ಲ ಮೇಲಿನ ಸುಣ್ಣ. ಒಳಗಿರುವುದು ಜೇಡಿಮಣ್ಣಿಗೆ ಹುಲ್ಲು ಸೇರಿಸಿ, ತುಳಿದು, ಹದ ಮಾಡಿ, ವರಸೆ ವರಸೆಯಾಗಿ ಏರಿಸಿದ ದಪ್ಪ ಗೋಡೆ. ನಮ್ಮ ಬಯಲುಸೀಮೆಯ ಮಣ್ಣಿನ ಮನೆ ಕಟ್ಟಿದವರನ್ನು ಅಲ್ಲಿಗೆ ಕರೆದುಕೊಂಡು ಹೋದರೆ ಯಾರೂ ಏನೂ ಹೇಳಿಕೊಡಬೇಕಿರಲಿಲ್ಲ. ಅಲ್ಲಿನ ಹಳಬರ ಒಂದು ಮಾತಿದೆ: ಮಣ್ಣಿನ ಗೋಡೆಗೆ ಒಳ್ಳೆ ಟೋಪಿ, ಒಳ್ಳೆ ಬೂಟು ಇದ್ದರೆ ಸಾಕು. ಟೋಪಿ ಅಂದರೆ ಹುಲ್ಲಿನ ಮಾಡು, ಬೂಟು ಅಂದರೆ ಕಲ್ಲಿನ ತಳಪಾಯ. ಬೆಂಗಳೂರಿನಲ್ಲಿ ಇದನ್ನು ಮರೆತುಬಿಟ್ಟಿದ್ದ ನಮಗೆ ನೆನಪಿಸಲು ಭಾರತೀಯ ವಿಜ್ಞಾನ ಸಂಸ್ಥೆಯವರೇ ಬರಬೇಕಾಯಿತು. ಅಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದವರು ಮಣ್ಣಿಗೆ ಚೂರು ಸಿಮೆಂಟ್ ಬೆರೆಸಿ ಒತ್ತಿದ ಇಟ್ಟಿಗೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಈಗ ಆ ಇಟ್ಟಿಗೆಯಲ್ಲಿ ಮನೆ ಕಟ್ಟಿಸಿಕೊಳ್ಳುವುದು ಒಂದು ಶೋಕಿ. ಇರಲಿ, ಒಳ್ಳೆಯ ಶೋಕಿ.

ಮಿಲ್ಟನ್ ಆಬಸ್ಸಿನ ಮನೆಗಳ ಇನ್ನೊಂದು ಸಂಗತಿ ಅತ್ತೆಗೆ ಹಿಡಿಸಿತು. ಹೊರಗಿನಿಂದ ನೋಡಿದರೆ ಒಂದು ಮನೆ, ಮುಂಬಾಗಿಲೂ ಒಂದೇ. ಒಳಗೆ ಕಾಲಿಟ್ಟರೆ ಚಿಕ್ಕ ಪಡಸಾಲೆ, ಅಲ್ಲಿಂದ ಎಡಕ್ಕೊಂದು ಬಾಗಿಲು, ಬಲಕ್ಕೊಂದು ಬಾಗಿಲು. ಒಂದು ಸೂರಿನಡಿ ಎರಡು ಸಂಸಾರ. “ವಠಾರ ಅನ್ನು ಮತ್ತೆ,” ಅಂದರು ಅತ್ತೆ. ಮದುವೆಯಾಗಿ ಬಂದಾಗ ಅವರೂ ವಠಾರದಲ್ಲೇ ಇದ್ದವರು. ಸಾಲಾಗಿ ಮನೆ, ಮನೆ ಮನೆಗೂ ನಡುವೆ ಒಂದೇ ಗೋಡೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಹಿಂದೆ ಒಂದು ಕಕ್ಕಸು. ಪಕ್ಕದ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ಸೀನು. ಮೇಲೆ ಮಾತ್ರ ಹುಲ್ಲಲ್ಲ, ಮಂಗಳೂರು ಹೆಂಚು.

ಆ ಹೆಂಚಿಗೂ ಒಂದು ಕಥೆಯಿದೆ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ತೆಗೆದರು. ನದಿ ದಡದ ಜೇಡಿಮಣ್ಣು, ಒಂದಕ್ಕೊಂದು ಕಚ್ಚಿಕೊಂಡು ಕೂರುವ ಅಚ್ಚು. ಸೋಗೆಯ ಮಾಡಿಗೆ ಇದ್ದ ಬೆಂಕಿಯ ಭಯ ಇದಕ್ಕಿರಲಿಲ್ಲ. ವರ್ಷ ವರ್ಷ ಹೊದಿಸುವ ತಾಪತ್ರಯವೂ ಇಲ್ಲ. ಕೋತಿಗಳು ಒಡೆದು ಹಾಕುತ್ತಿದ್ದವು, ಅದೊಂದು ಬೇರೆ.

ಬೆಂಕಿಯ ಭಯ ಸಣ್ಣದಲ್ಲ. 1212ರ ಬೆಂಕಿಯ ನಂತರ ಲಂಡನ್ನಿನಲ್ಲಿ ಹೊಸದಾಗಿ ಹುಲ್ಲಿನ ಮಾಡು ಹಾಕಬಾರದು ಅಂತ ಕಟ್ಟಪ್ಪಣೆಯಾಯಿತು. 1997ರಲ್ಲಿ ಅಲ್ಲೇ ಷೇಕ್ಸ್‌ಪಿಯರನ ಕಾಲದ ಗ್ಲೋಬ್ ನಾಟಕಶಾಲೆಯನ್ನು ಮತ್ತೆ ಕಟ್ಟಿದಾಗ ಅದರ ಹುಲ್ಲಿನ ಸೂರಿಗೆ ವಿಶೇಷ ಅನುಮತಿ ಪಡೆಯಬೇಕಾಯಿತು.

ಇನ್ನು ಆ 36 ಮನೆಗಳ ಹಿಂದಿನ ಕಥೆ. ಜೋಸೆಫ್ ಡೇಮರ್, ಅಂದರೆ ಲಾರ್ಡ್ ಮಿಲ್ಟನ್ ಸಾಹೇಬರು, 1752ರಲ್ಲಿ ಒಂದು ಹಳೇ ಕ್ರೈಸ್ತ ಮಠದ ಎಸ್ಟೇಟು ಕೊಂಡರು. ಮಠದ ಮಗ್ಗುಲಲ್ಲೇ ಮಿಡಲ್ಟನ್ ಅಂತ ಒಂದು ಪೇಟೆ. ಸಂತೆ ನಡೆಯುವ ಊರು, ಸ್ಕೂಲೂ ಇತ್ತು. ಸಾಹೇಬರ ಕಿಟಕಿಗೆ ಈ ಊರು ಅಡ್ಡ ಬಂತು. ಗದ್ದಲ, ಜನ, ಹೊಗೆ. ಒಂದೊಂದೇ ಮನೆಯ ಗೇಣಿ ಅವಧಿ ಮುಗಿಯುತ್ತಾ ಬಂದ ಹಾಗೆ ಕೆಡವಿಸಿದರು. ಒಬ್ಬ ವಕೀಲ ಮಾತ್ರ ಜಪ್ಪಯ್ಯ ಅಂದರೂ ಜಾಗ ಬಿಡಲಿಲ್ಲ. ವಿಲಿಯಂ ಹ್ಯಾರಿಸನ್ ಅಂತ. ಸಾಹೇಬರು ಮಠದ ಕೊಳದ ತೂಬು ಎತ್ತಿಸಿ ಅವನ ಮನೆಗೆ ನೀರು ನುಗ್ಗಿಸಿದರು. ಅವನು ಕೇಸು ಹಾಕಿದ, ಗೆದ್ದ. ಬೆಂಗಳೂರಿನಲ್ಲಿ ಯಾವ ಲಾರ್ಡೂ ತೂಬು ಎತ್ತಬೇಕಿಲ್ಲ, ಒಂದು ಗಂಟೆ ಮಳೆ ಬಂದರೆ ಸಾಕು, ವಕೀಲರು ಡಾಕ್ಟರು ಎಂಜಿನಿಯರು ಅಂತ ನೋಡದೆ ಎಲ್ಲರ ಮನೆಗೂ ನೀರು ನುಗ್ಗುತ್ತದೆ. ಕೇಸು ಯಾರ ಮೇಲೆ ಹಾಕೋದು?

ಕೊನೆಗೆ ಊರೇ ಹೋಯಿತು. ಜನರಿಗೆ ಸಾಹೇಬರ ಕಣ್ಣಿಗೆ ಬೀಳದ ಹಾಗೆ ಪಕ್ಕದ ಕಣಿವೆಯಲ್ಲಿ ಹೊಸ ಮನೆಗಳು. 1780ರ ಹೊತ್ತಿಗೆ ಬೀದಿ ನಿಂತಿತು. ನಕ್ಷೆಯಲ್ಲಿ ಆ ಕಾಲದ ದೊಡ್ಡ ವಾಸ್ತುಶಿಲ್ಪಿ ವಿಲಿಯಂ ಚೇಂಬರ್ಸ್ ಕೈಯೂ ಇತ್ತು, ಶ್ರೀಮಂತರ ಎಸ್ಟೇಟುಗಳಿಗೆ ಉದ್ಯಾನ ರೂಪಿಸುತ್ತಿದ್ದ ಕೇಪಬಿಲಿಟಿ ಬ್ರೌನ್ ಕೈಯೂ ಇತ್ತು. ಬ್ರೌನ್ ನಿಜವಾದ ಹೆಸರು ಲ್ಯಾನ್ಸಲಾಟ್. ಜಮೀನು ನೋಡಲು ಹೋದಲ್ಲೆಲ್ಲ ‘ನಿಮ್ಮ ಜಾಗಕ್ಕೆ ಭಾರೀ ಕೇಪಬಿಲಿಟಿ ಇದೆ’ ಅನ್ನುತ್ತಿದ್ದನಂತೆ. ನಮ್ಮ ಸೈಟ್ ಬ್ರೋಕರ್‌ಗಳ ಮೂಲಪುರುಷ ಇವನೇ ಇರಬೇಕು. ಊರು ಕೆಡವಿದ ಕಡೆ ಹುಲ್ಲುಹಾಸು ಹಬ್ಬಿತು, ಕಣಿವೆಯಲ್ಲಿ ಒಂದು ಕೆರೆಯೂ ಬಂತು. ಅಲ್ಲಿ ಮನೆ ಕೆಡವಿ ಕೆರೆ ಮಾಡಿದರು. ನಾವು ಧರ್ಮಾಂಬುಧಿ ಕೆರೆಯನ್ನು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಮಾಡಿದೆವು, ಸಂಪಂಗಿ ಕೆರೆಯಲ್ಲಿ ಕಂಠೀರವ ಸ್ಟೇಡಿಯಂ ಕಟ್ಟಿದೆವು.

ನಮ್ಮ ಊರೂ ಒಮ್ಮೆ ಹೀಗೆ ಗಂಟುಮೂಟೆ ಕಟ್ಟಿದ್ದುಂಟು, ಆದರೆ ಅದಕ್ಕೆ ಸಾಹೇಬರ ಕಿಟಕಿ ಕಾರಣವಲ್ಲ. 1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟು ಓಣಿಗಳಲ್ಲಿ ಇಲಿ ಬಿದ್ದಿತೆಂದರೆ ಜನ ಮನೆಗೆ ಬೀಗ ಹಾಕಿ ಬಯಲಿಗೆ ಹೊರಡುತ್ತಿದ್ದರು. ಬಯಲಿನಲ್ಲಿ ಸೋಗೆ, ಗರಿ, ತಡಿಕೆಯ ಗುಡಿಸಲುಗಳು ಸಾಲಾಗಿ ಎದ್ದವು. ಹೆಂಚಿನ ಮನೆಯವರು, ತೊಟ್ಟಿಮನೆಯವರು, ಎಲ್ಲರೂ ಕೆಲವು ತಿಂಗಳು ಹುಲ್ಲಿನಡಿ. ರೋಗ ಇಳಿದ ಮೇಲೆ ಗುಡಿಸಲು ಸುಟ್ಟು ವಾಪಸ್. ಆ ಸಾಲುಗಳ ಚಿತ್ರ ಯಾವ ಕ್ಯಾಲೆಂಡರಿನಲ್ಲೂ ಇಲ್ಲ. ಉಳಿದಿರುವುದು ಅಲ್ಲಲ್ಲಿ ಪ್ಲೇಗಿನ ಮಾರಮ್ಮನ ಗುಡಿಗಳು, ಮತ್ತೆ ಗಾಳಿ ಬೆಳಕು ಬೇಕು ಅಂತ ಅಗಲ ರಸ್ತೆ ಬಿಟ್ಟು ಬೆಳೆಸಿದ ಬಸವನಗುಡಿ, ಮಲ್ಲೇಶ್ವರ. ಕಸ, ಕೊಳೆ ಸಾಗಿಸಲು ಮನೆ ಹಿಂದೆ ಬಿಟ್ಟ ಕನ್ಸರ್ವೆನ್ಸಿ ಗಲ್ಲಿಗಳೂ ಆ ಕಾಲದ ಯೋಚನೆಯೇ. ಈಗ ಅಲ್ಲಿ ಸ್ಕೂಟರ್ ನಿಲ್ಲಿಸುತ್ತೇವೆ.

ಆಮೇಲಿನ ದಿನಗಳಲ್ಲಿ ಹುಲ್ಲಿನ ಸೂರು ಅಂದರೆ ಬಡತನ ಅನ್ನುವುದು ಗಟ್ಟಿಯಾಯಿತು. ‘ಗುಡಿಸಲು ಮುಕ್ತ ಕರ್ನಾಟಕ’ ಅನ್ನುವ ಮಾತನ್ನು ಎಷ್ಟು ಸಲ ಕೇಳಿದ್ದೇವೆ. ಅದು ತಪ್ಪೂ ಅಲ್ಲ. ಸೋರುವ ಸೋಗೆ ಕೆಳಗೆ ಪಾತ್ರೆ ಇಟ್ಟು ರಾತ್ರಿ ಕಳೆದವರಿಗೆ ತಾರಸಿ ಬೇಕು ಅಂತಲೇ ಅನ್ನಿಸುತ್ತದೆ. ಅತ್ತೆಯನ್ನು ಕೇಳಿ, ಹುಲ್ಲಿನ ಮನೆ ತಂಪು ಅಂತ ಒಪ್ಪುತ್ತಾರೆ, ಆದರೆ ವಾಪಸ್ ಹೋಗ್ತೀರಾ ಅಂದರೆ ಕೈ ಮುಗಿಯುತ್ತಾರೆ.

ವಾಪಸ್ ಹೋಗುವವರು ಬೇರೆ ಇದ್ದಾರೆ. ವೀಕೆಂಡ್ ಬಂದರೆ ಕನಕಪುರ ರಸ್ತೆ ಹಿಡಿಯುತ್ತಾರೆ. ಅಲ್ಲಿನ ರೆಸಾರ್ಟುಗಳಲ್ಲಿ ಹುಲ್ಲಿನ ಕಾಟೇಜುಗಳ ಸಾಲು. ಕೆಳಗೆ ಕಾಂಕ್ರೀಟು, ಮೇಲೆ ಹುಲ್ಲು, ಒಳಗೆ ಎ.ಸಿ. ಕೆಲವು ಕಡೆ ಹುಲ್ಲೂ ಪ್ಲಾಸ್ಟಿಕ್. ಸೋಗೆಗೆ ಇಡೀ ಜನ್ಮದಲ್ಲಿ ಇದ್ದ ಒಂದೇ ಒಳ್ಳೆ ಗುಣ ತಂಪು, ಅದನ್ನೂ ಕಿತ್ತುಕೊಂಡು ಚಿತ್ರ ಮಾತ್ರ ಉಳಿಸಿಕೊಂಡಿದ್ದೇವೆ. ನಮ್ಮತ್ತೆಯನ್ನು ಒಂದು ಸಲ ಮಕ್ಕಳು ಇಂಥ ಕಡೆ ಕರೆದುಕೊಂಡು ಹೋಗಿದ್ದರು. ಒಂದು ರಾತ್ರಿಯ ಬಾಡಿಗೆ ಕೇಳಿದ ಅವರು ಹುಲ್ಲನ್ನು ಕೈಯಲ್ಲಿ ಹಿಸುಕಿ ನೋಡಿ, “ಇದು ಹಸುವೂ ತಿನ್ನಲ್ಲ,” ಅಂದರು.

ಮಿಲ್ಟನ್ ಆಬಸ್ ಕೂಡ ಪೂರ್ತಿ ಹಾಗೇ ಉಳಿದಿಲ್ಲ. ಮೊದಲು ಮನೆ ಮನೆಯ ನಡುವೆ ಒಂದೊಂದು ಚೆಸ್ಟ್‌ನಟ್ ಮರ ಇತ್ತು. 1953ರಲ್ಲಿ ಅಪಾಯ ಅಂತ ಕಡಿದರು. ಬೆಂಗಳೂರಿನವರಿಗೆ ಈ ವಾಕ್ಯ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಮನೆಗಳಿಗೆ ಮಾತ್ರ ಈಗ ಕಾನೂನಿನ ಕಾವಲಿದೆ. ಹುಲ್ಲು ತೆಗೆದು ಹೆಂಚು ಹಾಕ್ತೀನಿ ಅಂದರೆ ಸುಮ್ನೆ ಬಿಡುವುದಿಲ್ಲ. ಎರಡು ಸಂಸಾರ ಇದ್ದ ಕಡೆ ಈಗ ಎಷ್ಟೋ ಮನೆಗಳಲ್ಲಿ ಒಂದೇ ಸಂಸಾರ. ಒಕ್ಕಲೆದ್ದವರಿಗೆ ಕಟ್ಟಿಸಿಕೊಟ್ಟ ಮನೆಗಳಿಗೆ ಈಗ ಉಳ್ಳವರು ಕ್ಯೂ ನಿಲ್ಲುತ್ತಾರೆ.

1980ರಲ್ಲಿ ಆ ಬೀದಿಗೆ 200 ವರ್ಷ ತುಂಬಿತು ಅಂತ ಊರಿನವರು ಜಾತ್ರೆ ಮಾಡಿದರು. ಅದು ಎಷ್ಟು ಚೆನ್ನಾಗಿ ನಡೆಯಿತೆಂದರೆ ಆಮೇಲೆ ಎರಡು ವರ್ಷಕ್ಕೊಮ್ಮೆ ಮಾಡುವುದೇ ರೂಢಿಯಾಯಿತು. ಜನ 18ನೇ ಶತಮಾನದ ಉಡುಪು ತೊಟ್ಟು ಬೀದಿಗೆ ಇಳಿಯುತ್ತಾರೆ. ಮುಂದಿನ ಸಲ ಹೋಗಿ ವಿಡಿಯೋ ಕಳಿಸ್ತೀನಿ ಅಂತ ಹುಡುಗಿ ಹೇಳಿದ್ದಾಳೆ. ಅತ್ತೆ ಆಗಲೇ ಇನ್ನೊಂದು ಪ್ರಶ್ನೆ ಕಳಿಸಿದ್ದಾರೆ: ಆ ಜಾತ್ರೆಯಲ್ಲಿ ವಕೀಲನ ವೇಷ ಯಾರು ಹಾಕ್ತಾರೆ?