ಫಿಲಿಪಿನೋ ಯೋಧರ ಮಕ್ಕಳು ಅಮೆರಿಕದ ವೀಸಾ ಸರದಿಯಲ್ಲೇ ಕಾಯಬೇಕಾ?

ಪರ: ಬೇಡ, ಅಪ್ಪ ಇರುವಾಗಲೇ ಬರಲಿ

1941ರ ಜುಲೈ 26ರಂದು ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್ ಒಂದು ಆದೇಶ ಹೊರಡಿಸಿದರು. ಫಿಲಿಪೀನ್ಸ್ ಆಗ ಅಮೆರಿಕದ ಕೈಯಲ್ಲಿತ್ತು. ಅಲ್ಲಿನ ಸೈನ್ಯ ಅಮೆರಿಕದ ಸೇವೆಗೆ ಸೇರಿತು. ಎರಡನೇ ಮಹಾಯುದ್ಧದಲ್ಲಿ ಎರಡೂವರೆ ಲಕ್ಷಕ್ಕೂ ಜಾಸ್ತಿ ಫಿಲಿಪಿನೋಗಳು ಹೋರಾಡಿದರು. 1942ರ ಏಪ್ರಿಲ್‌ನಲ್ಲಿ ಅಲ್ಲಿನ ಬಟಾನ್ ಪರ್ಯಾಯ ದ್ವೀಪ ಜಪಾನಿನ ಕೈಗೆ ಬಿತ್ತು. ಸೆರೆ ಸಿಕ್ಕವರನ್ನು ಜಪಾನಿ ಸೈನಿಕರು ಅನ್ನ ನೀರಿಲ್ಲದೆ ಸುಡುಬಿಸಿಲಲ್ಲಿ ನಡೆಸಿದರು. ಸಾವಿರಾರು ಜನ ದಾರಿಯಲ್ಲೇ ಸತ್ತರು. ಅವರಲ್ಲಿ ಬಹುಪಾಲು ಫಿಲಿಪಿನೋಗಳು.

ಯುದ್ಧ ಮುಗಿಯಿತು. 1946ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಕಾನೂನು ಮಾಡಿ, ಸೌಲಭ್ಯದ ಮಟ್ಟಿಗೆ ಇವರದ್ದು ನಮ್ಮ ಸೈನ್ಯದ ಸೇವೆಯೇ ಅಲ್ಲ ಎಂದುಬಿಟ್ಟಿತು. ಪೌರತ್ವದ ಬಾಗಿಲು ತೆರೆದದ್ದು 1990ರ ಕಾನೂನಿನಿಂದ. ಅದೂ ಯೋಧನಿಗೆ ಮಾತ್ರ, ಬೆಳೆದ ಮಕ್ಕಳಿಗಲ್ಲ.

ಹಾಗೆ ಬಂದ ಎಷ್ಟೋ ಮುದುಕರು ಸ್ಯಾನ್ ಫ್ರಾನ್ಸಿಸ್ಕೋದಂಥ ಊರುಗಳಲ್ಲಿ ಒಂದೇ ಕೋಣೆಯಲ್ಲಿ ನಾಲ್ಕಾರು ಜನ ಮಲಗಿ, ಸರ್ಕಾರ ಕೊಟ್ಟ ಪುಡಿಗಾಸು ಉಳಿಸಿ ಊರಿಗೆ ಕಳಿಸಿದರು. ಮಕ್ಕಳಿಗೆ ಸೋಪು, ಡಬ್ಬಿ ಮಾಂಸ, ಚಾಕೊಲೇಟ್ ತುಂಬಿದ ರಟ್ಟಿನ ಪೆಟ್ಟಿಗೆ ಹಡಗಿನಲ್ಲಿ ಹೋಗುತ್ತಿತ್ತು. ಪೆಟ್ಟಿಗೆ ಹೋಗುತ್ತದೆ, ಮಗ ಬರಲಾರ!

ಲೆಕ್ಕ ಹಾಕಿ ನೋಡಿ. 1941ರಲ್ಲಿ ಇಪ್ಪತ್ತು ವರ್ಷದವನು 1992ರಲ್ಲಿ ಪೌರನಾದ. ಆಗ ಅವನಿಗೆ 71. ಮದುವೆಯಾದ ಮಗನಿಗೆ ಅರ್ಜಿ ಹಾಕಿದ. ಫಿಲಿಪೀನ್ಸ್‌ನವರಿಗೆ ಆ ಸಾಲಿನಲ್ಲಿ 20 ವರ್ಷಕ್ಕೂ ಜಾಸ್ತಿ ಕಾಯಬೇಕು. ಅಷ್ಟರಲ್ಲಿ ಅಪ್ಪನಿಗೆ 90 ದಾಟಿರುತ್ತದೆ. ಅಪ್ಪ ಸತ್ತರೆ ಸಾಮಾನ್ಯವಾಗಿ ಅರ್ಜಿಯೂ ಸಾಯುತ್ತದೆ. ಅದಕ್ಕೇ 2016ರ ಜೂನ್‌ನಲ್ಲಿ ಪೆರೋಲ್ ಯೋಜನೆ, ಅಂದರೆ ವೀಸಾ ಸಿಗುವ ಮೊದಲೇ ದೇಶದೊಳಗೆ ಬಿಡುವ ವ್ಯವಸ್ಥೆ, ಬಂತು. ಅರ್ಜಿ ಮಂಜೂರಾಗಿದ್ದವರು ಅಮೆರಿಕಕ್ಕೇ ಬಂದು, ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಾ ಸರದಿ ಕಾಯಲು ಅದು ಅವಕಾಶ ಕೊಟ್ಟಿತು. ಇದರಿಂದ ಬೇರೆಯವರ ವೀಸಾ ನಂಬರ್ ಹೋಗುವುದಿಲ್ಲ. ಮುದುಕನಿಗೆ ಗಂಜಿ ಕುಡಿಸಲು ಮಗ ಬಂದರೆ ಯಾರಿಗೇನು ನಷ್ಟ?

ವಿರೋಧ: ಋಣ ಇದೆ, ಆದರೆ ಹೀಗಲ್ಲ

ಋಣ ಇಲ್ಲ ಅಂತ ನಾನು ಹೇಳುವುದಿಲ್ಲ. ತೀರಿಸುವ ದಾರಿ ಸರಿಯಿಲ್ಲ ಅನ್ನುತ್ತೇನೆ.

ಪೆರೋಲ್ ಅಂದರೆ ಕಾಯಂ ಆಗಿ ನೆಲೆಸಲು ಬಿಡುವ ಗ್ರೀನ್ ಕಾರ್ಡ್ ಅಲ್ಲ, ತಾತ್ಕಾಲಿಕ ಅನುಮತಿ ಅಷ್ಟೇ. ಐವತ್ತೈದು ವರ್ಷದ ಮಗಳು ಊರಿನ ಕೆಲಸ ಬಿಟ್ಟು, ಮನೆಗೆ ಬೀಗ ಹಾಕಿ ಬರುತ್ತಾಳೆ. ಅವಳ ಬದುಕು ಒಬ್ಬ ಅಧಿಕಾರಿಯ ಸಹಿಯ ಮೇಲೆ ನಿಂತಿರುತ್ತದೆ. 2019ರ ಆಗಸ್ಟ್‌ನಲ್ಲಿ ಸರ್ಕಾರ ಈ ಯೋಜನೆ ನಿಲ್ಲಿಸುತ್ತೇವೆ ಎಂದಿತು. 2021ರಲ್ಲಿ ಇನ್ನೊಂದು ಸರ್ಕಾರ ಮುಂದುವರಿಸುತ್ತೇವೆ ಎಂದಿತು. ಅಧ್ಯಕ್ಷರು ಬದಲಾದಾಗೆಲ್ಲ ಒಂದು ಮನೆ ನಡುಗುವುದು ಗೌರವವಾ?

ಸಾಲಿನಲ್ಲಿ ನಿಂತ ಉಳಿದವರನ್ನೂ ನೋಡಬೇಕು. ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವ ನಮ್ಮ ಬೆಂಗಳೂರು, ಮೈಸೂರಿನವರಿಗೆ ಇದು ಚೆನ್ನಾಗಿ ಗೊತ್ತು: ಸಾಲಿನ ಮೂಲಕ ವರ್ಷಕ್ಕೆ ಕೊಡುವ ವೀಸಾಗಳಲ್ಲಿ ಯಾವ ದೇಶಕ್ಕೂ ಶೇ 7ಕ್ಕಿಂತ ಜಾಸ್ತಿ ಇಲ್ಲ ಅನ್ನುವ ಮಿತಿ. ಮನಿಲಾದಿಂದ ಬಂದು ಅಮೆರಿಕದ ಪೌರಳಾದ ನರ್ಸ್ ತನ್ನ ತಂಗಿಯನ್ನು ಕರೆಸಿಕೊಳ್ಳಲು ಅದೇ ಮಿತಿಯಡಿ ಕಾಯುತ್ತಿದ್ದಾಳೆ. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಹೊರಗೆ ನಿಂತು ಕಾಯುವಂತೆ ಮಾಡುವುದಾದರೆ ಆ ತೀರ್ಮಾನ ಕಾಂಗ್ರೆಸ್‌ನಲ್ಲಿ, ಎಲ್ಲರೆದುರು ಆಗಲಿ.

ಆ ದಾರಿ ಹೊಸದೇನಲ್ಲ. ಯೋಧರ ಮಕ್ಕಳಿಗೆ ವೀಸಾ ಮಿತಿ ಅನ್ವಯಿಸದಂತೆ ಮಾಡುವ ಮಸೂದೆಯನ್ನು ಹವಾಯಿಯ ಸೆನೆಟರ್ ಡೇನಿಯಲ್ ಅಕಾಕಾ, ಆಮೇಲೆ ಮೇಜಿ ಹಿರೋನೊ ಮತ್ತೆ ಮತ್ತೆ ಮುಂದಿಟ್ಟರು. ಅದು ಪಾಸಾಗಿದ್ದರೆ ಮಕ್ಕಳು ಗ್ರೀನ್ ಕಾರ್ಡ್ ಹಿಡಿದೇ ಬರುತ್ತಿದ್ದರು. ಪೆರೋಲ್ ಇದೆಯಲ್ಲ ಅಂತ ಕಾಂಗ್ರೆಸ್ ಸುಮ್ನೆ ಕೂರಬಾರದು. 2017ರ ಅಕ್ಟೋಬರ್‌ನಲ್ಲಿ ಅದೇ ಕಾಂಗ್ರೆಸ್ ಈ ಯೋಧರಿಗೆ ಚಿನ್ನದ ಪದಕ ಕೊಟ್ಟಿತು. ಪದಕಕ್ಕೆ ಎತ್ತಿದ ಕೈಯನ್ನು ಈ ಮಸೂದೆಗೂ ಎತ್ತಬಹುದಿತ್ತು, ಅಲ್ವಾ?